ಓದಲೊಲ್ಲದ ಡಿಸ್ಕು

ನಾನು ಸುಳ್ಳು ಹೇಳಿದೆ ಎಂಬುದು ನನ್ನ ಹೆಂಡತಿಯ ವಾದ. ನಾನು ಹೇಳಿದ್ದು ಸುಳ್ಳಲ್ಲ, ಸ್ವಲ್ಪ ಮುಂಚಿತವಾಗಿ ಹೇಳಿದ ನಿಜ ಅಷ್ಟೇ. ಬುಧವಾರ ಹೇಳಿದ್ದನ್ನು ಭಾನುವಾರ ಹೇಳಿದ್ದರೆ ಯಾರೂ ಏನೂ ಅನ್ನುವಂತಿರಲಿಲ್ಲ. ಆದರೆ ಆ ಬುಧವಾರಕ್ಕೂ ಭಾನುವಾರಕ್ಕೂ ನಡುವೆ ನಡೆದದ್ದನ್ನು ನೆನೆದರೆ, ನಿಜವನ್ನು ಹೇಳುವುದಕ್ಕೂ ಇಷ್ಟು ಅವಸರ ಮಾಡಬಾರದಿತ್ತು ಎಂದು ಒಪ್ಪಿಕೊಳ್ಳಬೇಕಾಗುತ್ತದೆ.

ಆ ಬುಧವಾರ ನಮ್ಮ ಕಚೇರಿಗೆ ಹೊಸದಾಗಿ ಬಂದ ಸಾಹೇಬರು ಎಲ್ಲರನ್ನೂ ಒಟ್ಟು ಸೇರಿಸಿದರು. ಮೇಲಿನ ಮಹಡಿಯಲ್ಲಿ ಹೊಸ ಕಂಪ್ಯೂಟರ್ ವಿಭಾಗ ಶುರುವಾಗುತ್ತದಂತೆ. ಅಲ್ಲಿ ನಮಗೆಲ್ಲ ಅಭ್ಯಾಸವಾಗಿರುವ ಆಪರೇಟಿಂಗ್ ಸಿಸ್ಟಮ್ ಇರುವುದಿಲ್ಲವಂತೆ, ಬೇರೆಯದೇ ಇರುತ್ತದಂತೆ. ನಮ್ಮಲ್ಲಿ ಒಬ್ಬರು ಅಲ್ಲಿಗೆ ಹೋಗಬೇಕು, ಕಿಟಕಿಯ ಪಕ್ಕದ ಕುರ್ಚಿ. ಇನ್ನೊಬ್ಬರು ಹಳೆಯ ಕಡತಗಳನ್ನು ನೋಡಿಕೊಳ್ಳಲು ನೆಲಮಾಳಿಗೆಗೆ ಇಳಿಯಬೇಕು. ಅಲ್ಲಿದ್ದವರು ನಿವೃತ್ತರಾಗಿದ್ದರು. ಅವರ ಬೀಳ್ಕೊಡುಗೆಯ ದಿನ ನಾನು ನೋಡಿದ್ದೇನೆ: ಬೆಳಕಿಗೆ ಬಂದವರು ಕಣ್ಣು ಕಿರಿದು ಮಾಡಿಕೊಂಡು ಕೆಮ್ಮುತ್ತಾ, ಸಭೆಗೆ ಬೆನ್ನು ಹಾಕಿ ನಿಂತು ಗೋಡೆಗೆ ಧನ್ಯವಾದ ಹೇಳಿದ್ದರು. ಸೇವಾ ಹಿರಿತನದ ಪ್ರಕಾರ ಅವರ ಜಾಗಕ್ಕೆ ಮುಂದಿನವನು ನಾನೇ.

"ಆ ಇನ್ನೊಂದು ಸಿಸ್ಟಮ್ ಯಾರಿಗಾದ್ರೂ ಗೊತ್ತಾ?" ಎಂದು ಸಾಹೇಬರು ಕೇಳಿದರು.

ಎಲ್ಲರೂ ತಲೆ ತಗ್ಗಿಸಿದರು. ನಾನೂ ತಗ್ಗಿಸುತ್ತಿದ್ದೆ, ಆದರೆ ನೆಲಮಾಳಿಗೆಯ ಬಾಗಿಲು ಕಣ್ಣಿಗೆ ಬಿತ್ತು.

"ನಮ್ಮ ಮನೇಲಿ ಎರಡೂ ಇದೆ ಸಾರ್," ಎಂದುಬಿಟ್ಟೆ. "ಒಂದೇ ಕಂಪ್ಯೂಟರಲ್ಲಿ. ಬೇಕಾದಾಗ ಇದು, ಬೇಕಾದಾಗ ಅದು."

"ಹೌದಾ? ಹಾಗಾದ್ರೆ ಭಾನುವಾರ ಸಂಜೆ ನಿಮ್ಮನೆಗೇ ಬರ್ತೀನಿ. ನೋಡಿದ ಮೇಲೆ ತೀರ್ಮಾನ ಮಾಡೋಣ."

ನನ್ನ ಮಾತು ಪೂರ್ತಿ ಬುಡವಿಲ್ಲದ್ದೇನೂ ಅಲ್ಲ. ಎರಡನೇ ಸಿಸ್ಟಮ್ ಮನೆಯಲ್ಲಿ ಇತ್ತು, ಕಂಪ್ಯೂಟರಿನೊಳಗೆ ಇರಲಿಲ್ಲ ಅಷ್ಟೇ. ಹಿಂದೊಮ್ಮೆ ಕೊಂಡ ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಅದರ ಡಿಸ್ಕು ಉಚಿತವಾಗಿ ಬಂದಿತ್ತು. ಡಿಸ್ಕು ಹಾಕಿ, ಯಂತ್ರ ಚಾಲೂ ಮಾಡಿ, ಅದು ಕೇಳಿದ್ದಕ್ಕೆಲ್ಲ ಹೂಂ ಅಂದರೆ ಸಾಕು, ಹಳೆಯದನ್ನು ಮುಟ್ಟದೆ ಅದರ ಪಕ್ಕದಲ್ಲೇ ಹೊಸದು ಕೂರುತ್ತದೆ ಎಂದು ಪತ್ರಿಕೆಯಲ್ಲಿ ಬರೆದಿತ್ತು. ಕೇಳಿದ್ದಕ್ಕೆಲ್ಲ ಹೂಂ ಅನ್ನುವ ವಿದ್ಯೆಯಲ್ಲಿ ನಾನು ಪಳಗಿದವನು. ಯಾಕೆಂದರೆ ನಾನು ಮನೆ ಅಳಿಯ.

ಇಲ್ಲಿ ನಮ್ಮ ಮಾವನವರ ವಿಷಯ ಹೇಳಬೇಕು. ಅವರು ದೊಡ್ಡ ಆಸ್ಪತ್ರೆಯೊಂದರಲ್ಲಿ ಸ್ಟೋರ್ ಕೀಪರ್ ಆಗಿ ನಿವೃತ್ತರಾದವರು. ಕತ್ತರಿ, ಚಮಚ, ಬೋಗುಣಿಗಳ ಮೇಲೆ ಆಸ್ಪತ್ರೆಯ ಗುರುತು ಕೆತ್ತಿ ಕೆತ್ತಿ ಅವರ ಕೈಗೆ ಅದೇ ರೂಢಿಯಾಗಿಬಿಟ್ಟಿದೆ. ಪೆನ್ನಿನಂಥ ಪುಟ್ಟ ಕೆತ್ತುವ ಯಂತ್ರವೊಂದು ಅವರ ಬಳಿ ಇದೆ. ಬೆಳಗಾದರೆ ಅವರ ಕೋಣೆಯಿಂದ ಝುಂಯ್ ಎಂದು ದುಂಬಿಯ ಸದ್ದು ಬರುತ್ತದೆ. ಮನೆಯಲ್ಲಿ ಅವರು ಗುರುತು ಹಾಕದ ಸಾಮಾನಿಲ್ಲ. ಲೋಟಗಳೆಲ್ಲ ಅಡುಗೆಮನೆಯ ಲೆಕ್ಕಕ್ಕೆ, ರೇಡಿಯೋ, ಟಾರ್ಚು, ಛತ್ರಿಯ ಹಿಡಿ ಹಜಾರದ ಲೆಕ್ಕಕ್ಕೆ. ನನ್ನ ಹೆಂಡತಿಯ ಬಾಚಣಿಗೆಯ ಬೆನ್ನ ಮೇಲೆ "ಮಗಳು-೨೭" ಎಂದು ಮುತ್ತಿನಂಥ ಅಕ್ಷರದಲ್ಲಿದೆ.

ನನ್ನ ಸಾಮಾನುಗಳ ಮೇಲೆ ಏನೂ ಇಲ್ಲ.

ನನ್ನ ಕ್ಷೌರದ ಪೆಟ್ಟಿಗೆ, ನನ್ನ ಬೆಲ್ಟಿನ ಬಕಲು, ಊಟದ ಡಬ್ಬಿ, ಎಲ್ಲವೂ ಬೋಳು. ಮದುವೆಯಾದ ಹೊಸತರಲ್ಲಿ ನಾನು ಇದನ್ನು ಗಮನಿಸಿರಲಿಲ್ಲ. ಒಮ್ಮೆ ಹೆಂಡತಿ ಕಾಗದದ ಲೋಟಗಳನ್ನು ತಂದಾಗ ಮಾವನವರು, "ಇದಕ್ಕೆಲ್ಲ ಗುರುತು ಬೇಡಮ್ಮ. ನಿಲ್ಲೋ ಸಾಮಾನಿಗೆ ಗುರುತು ಹಾಕಬೇಕು, ಬಂದು ಹೋಗೋದಕ್ಕೆ ಯಾಕೆ?" ಎಂದರು. ಅವತ್ತಿನಿಂದ ಆ ಮಾತು ನನ್ನ ಹೊಟ್ಟೆಯೊಳಗೆ ಕೂತಿದೆ. ಹೆಂಡತಿಗೆ ಹೇಳಿದರೆ, "ನಿಮ್ಮ ಡಬ್ಬಿ ಕೈಗೆ ಸಿಕ್ಕಿರಲ್ಲ ಬಿಡ್ರೀ," ಎನ್ನುತ್ತಾಳೆ. ಛತ್ರಿಯ ಕಡ್ಡಿ ಕಡ್ಡಿಗೂ ನಂಬರು ಹಾಕಿದವರ ಕೈಗೆ ನನ್ನ ಊಟದ ಡಬ್ಬಿ ಇಷ್ಟು ವರ್ಷ ಸಿಗಲಿಲ್ಲವಂತೆ!

ಬುಧವಾರ ಊಟಕ್ಕೆ ಕೂತಾಗ, ಸಾಹೇಬರು ಬರುವ ಸುದ್ದಿಯನ್ನು ಸಣ್ಣ ಸಂಗತಿ ಎಂಬಂತೆ ಹೇಳಿದೆ. ಮಾವನವರ ಚಮಚ ತಟ್ಟೆಯ ಮೇಲೇ ನಿಂತಿತು.

"ಆಫೀಸರ್ರು? ನಮ್ಮನೆಗೆ? ಯಾಕೆ?"

"ನನ್ನ ಕಂಪ್ಯೂಟರ್ ನೋಡೋಕೆ ಮಾವ. ಎರಡು ಸಿಸ್ಟಮ್ ಇದೆಯಲ್ಲ, ಅದನ್ನ."

"ಎರಡು ಇದೆಯಾ?"

"ಇದೆ," ಎಂದೆ. ಕಚೇರಿಯಲ್ಲಿ ಹೇಳಿದ ಮೇಲೆ ಮನೆಯಲ್ಲಿ ಬೇರೆ ಹೇಳುವುದು ಸರಿಯಲ್ಲ. ಎದ್ದು ಹೋಗಿ ಡಿಸ್ಕನ್ನು ತಂದು ದೀಪಕ್ಕೆ ಹಿಡಿದು ತೋರಿಸಿದೆ. "ಎಲ್ಲಾ ಇದರೊಳಗಿದೆ ಮಾವ. ಇದೊಂದು ಕಳೆದುಹೋದ್ರೆ ನನ್ನ ಕಥೆ ಮುಗೀತು."

ಮಾವನವರು ಕೈ ಒರೆಸಿಕೊಂಡು ಡಿಸ್ಕನ್ನು ಅಂಚಿನಲ್ಲಿ ಹಿಡಿದು ಎರಡೂ ಕಡೆ ತಿರುಗಿಸಿ ನೋಡಿ, "ಹೂಂ," ಎಂದು ವಾಪಸು ಕೊಟ್ಟರು. ನಾನು ಅದನ್ನು ಪುಸ್ತಕದ ಕಪಾಟಿನ ಮೇಲಿಟ್ಟು ಮಲಗಿದೆ. ಬೆಳಿಗ್ಗೆ ಮಾವನವರ ಕೋಣೆಯಿಂದ ಎಂದಿನಂತೆ ದುಂಬಿಯ ಸದ್ದು ಕೇಳುತ್ತಿರುವಾಗ ನಾನು ಕಚೇರಿಗೆ ಹೊರಟೆ.

ಗುರುವಾರ ಸಂಜೆ ಬಾಗಿಲು ಹಾಕಿಕೊಂಡು ಡಿಸ್ಕನ್ನು ಯಂತ್ರಕ್ಕೆ ತಿನ್ನಿಸಿದೆ. ಅದು ಗರ್ ಗರ್ ಎಂದಿತು, ಕಟಕ್ ಎಂದಿತು, ಮತ್ತೆ ಗರ್ ಎಂದಿತು. ಬಳಿಕ ಪರದೆಯ ಮೇಲೆ, ಡಿಸ್ಕು ಓದಲಾಗುತ್ತಿಲ್ಲ ಎಂಬ ಒಂದು ಸಾಲು ಮೂಡಿತು. ನಾನು ಎಂಟರ್ ಒತ್ತಿದೆ. ಓದಲಾಗುತ್ತಿಲ್ಲ. ಗಟ್ಟಿಯಾಗಿ ಒತ್ತಿದೆ. ಆಗಲೂ ಓದಲಾಗುತ್ತಿಲ್ಲ.

ಹೊರಗೆ ತೆಗೆದು ಕರವಸ್ತ್ರದಿಂದ ಒರೆಸಿದೆ. ಕನ್ನಡಕ ಒರೆಸುವ ನೀರು ಹಾಕಿ ಒರೆಸಿದೆ. ಸೋಪು ಹಾಕಿ ತೊಳೆದು ಫ್ಯಾನಿನಡಿ ಒಣಗಿಸಿದೆ. ಗೀರಿದ್ದರೆ ಹಲ್ಲುಜ್ಜುವ ಪೇಸ್ಟಿನಿಂದ ಮಾಯವಾಗುತ್ತದೆಂದು ಯಾರೋ ಹೇಳಿದ್ದು ನೆನಪಾಗಿ ಅದನ್ನೂ ಸವರಿದೆ.

"ಪುಡಿ ಹಾಕಿ ತಲೆನೂ ಬಾಚಿಬಿಡಿ," ಎಂದಳು ಹೆಂಡತಿ, ಬಚ್ಚಲುಮನೆಯ ಬಾಗಿಲಲ್ಲಿ ನಿಂತು. "ಆ ಇನ್ನೊಂದು ಸಿಸ್ಟಮ್ ಇನ್ನೂ ಹಾಕಿಲ್ಲ ಅಲ್ವಾ?"

"ಮೆಲ್ಲಗೆ ಮಾತಾಡೇ! ಮಾವಂಗೆ ಗೊತ್ತಾಗಬಾರದು."

ಹೊಳೆಯುವ ಬದಿಯಲ್ಲಿ, ನಡುವಿನ ತೂತಿನ ಸುತ್ತ, ಕೂದಲೆಳೆಯಂಥ ಸಣ್ಣ ಗೀಟುಗಳು ಉಂಗುರದ ಹಾಗೆ ಕಂಡವು. ಅದು ತಯಾರಿಸಿದ ಕಂಪನಿಯವರು ಹಾಕಿದ ನಂಬರು ಎಂದು ನಾನು ತೀರ್ಮಾನಿಸಿದೆ. ನನ್ನ ತೀರ್ಮಾನಗಳು ಸಾಮಾನ್ಯವಾಗಿ ತಕ್ಷಣ ಆಗುತ್ತವೆ.

ಶುಕ್ರವಾರ ಕಚೇರಿಯಿಂದ ನೇರವಾಗಿ ಕಂಪ್ಯೂಟರ್ ರಿಪೇರಿ ಅಂಗಡಿಗೆ ಓಡಿದೆ. ಅಂಗಡಿಯವನು ಕಿವಿ ಮತ್ತು ಭುಜದ ನಡುವೆ ಫೋನು ಸಿಕ್ಕಿಸಿಕೊಂಡು ಯಾರದೋ ಜೊತೆ ಜಗಳವಾಡುತ್ತಿದ್ದ. ಜಗಳದ ನಡುನಡುವೆ ನನಗೂ ಎರಡು ಮಾತು ಎಸೆದ.

"ಓದ್ತಿಲ್ವಾ? ಡಿಸ್ಕು ಒಳಗಿಂದ ಓದ್ಕೊಂಡು ಹೊರಗೆ ಬರೋದು ಸಾರ್. ಮೊದಲನೇ ಸುತ್ತೇ ಕೈಕೊಟ್ರೆ ಮುಂದಕ್ಕೇ ಹೋಗಲ್ಲ. ಏಯ್, ನಿಂಗೆ ಹೇಳಿದ್ದಲ್ಲ, ನೀನು ಫೋನಿಡಬೇಡ! ಇಲ್ಲಿರೋವೆಲ್ಲ ಬಿಚ್ಚಿಟ್ಟಿದೀನಿ ಸಾರ್. ಮೂರ್ನಾಲ್ಕು ಮನೆ ಮೆಷಿನಲ್ಲಿ ಹಾಕಿ ನೋಡಿ. ಒಂದು ಒಲ್ಲೆ ಅಂದಿದ್ದನ್ನ ಇನ್ನೊಂದು ಓದಿಬಿಡುತ್ತೆ. ಓದಿದ ತಕ್ಷಣ ಕಾಪಿ ಮಾಡ್ಕೊಳ್ಳಿ."

ಡಿಸ್ಕಿನ ಕಡೆ ಅವನು ತಿರುಗಿಯೂ ನೋಡಲಿಲ್ಲ. ಆದರೂ ಅವನ ಸಲಹೆ ನನಗೆ ಹಿಡಿಸಿತು. ನಮ್ಮ ಕಟ್ಟಡದಲ್ಲೇ ಕಂಪ್ಯೂಟರ್ ಇರುವ ಮನೆಗಳಿಗೆ ಬರವಿಲ್ಲ.

ಮನೆಗೆ ಬರುವಾಗ ಮೆಟ್ಟಿಲ ಮೇಲೆ ಎಂದಿನಂತೆ ಕತ್ತಲು. ಅಲ್ಲಿಯ ಬಲ್ಬನ್ನು ಯಾರೋ ಪದೇಪದೇ ಬಿಚ್ಚಿಕೊಂಡು ಹೋಗುತ್ತಿದ್ದರು. ಅದಕ್ಕೆಂದೇ ಕಟ್ಟಡದ ಕಾರ್ಯದರ್ಶಿಗಳು ಹೋದ ತಿಂಗಳು ಮೊದಲ ಮಹಡಿಯ ತಿರುವಿನಲ್ಲಿ ಕ್ಯಾಮೆರಾ ಹಾಕಿಸಿದ್ದರು. ಕ್ಯಾಮೆರಾದ ಪಕ್ಕದ ಸಣ್ಣ ಕಿಟಕಿಯಿಂದ ಮಾತ್ರ ಒಂದಿಷ್ಟು ಬೆಳಕು ಬರುತ್ತಿತ್ತು. ನಾನು ಅಲ್ಲೇ ನಿಂತು ಡಿಸ್ಕನ್ನು ಕರವಸ್ತ್ರದಿಂದ ಬಿಚ್ಚಿ ಬೆಳಕಿಗೆ ಹಿಡಿದೆ. ಆಗ ಕೆಳಗಿನ ಮನೆಯ ಹಲ್ಲಿನ ಡಾಕ್ಟರು ಮೇಲಕ್ಕೆ ಹತ್ತಿ ಬಂದರು. ನನ್ನನ್ನು ನೋಡಿದರು, ನನ್ನ ತಲೆಯ ಮೇಲಿದ್ದ ಕ್ಯಾಮೆರಾ ನೋಡಿದರು, ನನ್ನ ಕೈಯಲ್ಲಿದ್ದ ಡಿಸ್ಕು ನೋಡಿದರು.

"ಡಾಕ್ಟ್ರೇ, ಸರಿಯಾದ ಹೊತ್ತಿಗೆ ಸಿಕ್ಕಿದ್ರಿ! ನಿಮ್ಮ ಕ್ಲಿನಿಕ್ಕಿನ ಕಂಪ್ಯೂಟರಲ್ಲಿ ಇದನ್ನೊಮ್ಮೆ ಹಾಕಿ ನೋಡೋಣ್ವಾ?"

"ಏನಿದೆ ಅದರಲ್ಲಿ?" ಅವರ ದನಿ ಸಣ್ಣಗಾಯಿತು.

ಸತ್ಯ ಹೇಳಿದರೆ ಮಾವನವರ ಕಿವಿಗೆ ಬೀಳುತ್ತದೆ. "ಅದು ಈಗ ಕೇಳಬೇಡಿ. ಓದಿದ್ರೆ ಎಲ್ಲಾ ತಾನಾಗೇ ಗೊತ್ತಾಗುತ್ತೆ. ಭಾನುವಾರ ಸಂಜೆ ನಮ್ಮ ಸಾಹೇಬರು ಬರ್ತಾರೆ, ಅವರೆದುರಿಗೆ ತೋರಿಸಬೇಕು. ಅಲ್ಲೀವರೆಗೂ ನಮ್ಮ ಮಾವಂಗೆ ಮಾತ್ರ ಹೇಳಬೇಡಿ."

"ಸಾಹೇಬ್ರು... ಅಂದ್ರೆ ಸರ್ಕಾರಿ ಆಫೀಸರ್ರಾ?"

"ಮತ್ತೆ? ಬಹಳ ಕಟ್ಟುನಿಟ್ಟು."

ಡಾಕ್ಟರು ಗೋಡೆಗೆ ಒರಗಿದರು. ತಮ್ಮ ಕಂಪ್ಯೂಟರ್ ಕೆಟ್ಟಿದೆ ಎಂದರು. ಇದುವರೆಗೆ ಕೆಟ್ಟಿರದಿದ್ದರೆ ಇನ್ನು ಐದು ನಿಮಿಷದಲ್ಲಿ ಕೆಡುತ್ತದೆ ಎಂಬ ಹಾಗಿತ್ತು ಅವರ ಮುಖ. ಎರಡು ಮೆಟ್ಟಿಲು ಇಳಿದವರು ತಿರುಗಿ ಬಂದು ನನ್ನ ಕೈ ಹಿಡಿದುಕೊಂಡರು.

"ನೋಡಿ, ನಾನೇನು ಆಸೆಪಟ್ಟು ತಗೊಂಡಿದ್ದಲ್ಲ. ರೋಗಿ ಬಾಯಿ ತೆಗೆದು ಕೂತಿದ್ದಾಗ ನಮ್ಮ ಬಲ್ಬು ಹೋಯ್ತು. ಬಾಯಿ ಮುಚ್ಚಿ ಅಂತ ಹೇಳೋಕಾಗುತ್ತಾ? ಮೆಟ್ಟಿಲಿಂದು ಬಿಚ್ಕೊಂಡೆ. ಆಮೇಲೆ ಅದೇ ಅಭ್ಯಾಸ ಆಗೋಯ್ತು."

ನನಗೆ ಒಂದೂ ಅರ್ಥವಾಗಲಿಲ್ಲ. ನನ್ನ ತಲೆಯೊಳಗೆ ಡಿಸ್ಕು ಬಿಟ್ಟು ಬೇರೇನೂ ಇರಲಿಲ್ಲ. "ಇರಲಿ ಬಿಡಿ ಡಾಕ್ಟ್ರೇ," ಎಂದು ಮೇಲಕ್ಕೆ ಹತ್ತಿದೆ. ಹತ್ತು ನಿಮಿಷದೊಳಗೆ ಮೆಟ್ಟಿಲುಗಳ ಮೇಲೆಲ್ಲ ಬೆಳಕಾಯಿತು. ಪ್ರತಿ ಮಹಡಿಗೂ ಹೊಚ್ಚ ಹೊಸ ಬಲ್ಬು.

ಶನಿವಾರ ಕಾಲು ಸುಟ್ಟ ಬೆಕ್ಕಿನಂತೆ ಮನೆಯೊಳಗೆ ಓಡಾಡಿದೆ. ಕೂತರೆ ಏಳಬೇಕೆನಿಸುತ್ತಿತ್ತು, ಎದ್ದರೆ ಡಿಸ್ಕು ಹಾಕಿ ನೋಡಬೇಕೆನಿಸುತ್ತಿತ್ತು. ಹಾಕಿದಾಗಲೆಲ್ಲ ಗರ್ ಗರ್ ಕಟಕ್. ಆ ಸದ್ದು ಕೇಳಿದರೆ ಸಾಕು, ನೆಲಮಾಳಿಗೆಯ ಬಾಗಿಲ ಚಿಲಕ ಬಿದ್ದ ಹಾಗಾಗುತ್ತಿತ್ತು. ಮಾವನವರು ಹಜಾರದಲ್ಲಿ ಕುರ್ಚಿಗಳನ್ನು ಸಾಲಾಗಿ ಇಡುತ್ತಿದ್ದರು. ಬರುವ ಸಾಹೇಬರಿಗೆ ಯಾವುದು, ಯಾವ ಲೋಟದಲ್ಲಿ ನೀರು ಎಂದು ಮಗಳನ್ನು ಕೇಳಿ ಕೇಳಿ ತಲೆ ತಿನ್ನುತ್ತಿದ್ದರು. ಅವರ ಉತ್ಸಾಹ ನೋಡಿ ನನಗೆ ಇನ್ನಷ್ಟು ಗಾಬರಿಯಾಯಿತು.

ಮಧ್ಯಾಹ್ನ ಮೇಲಿನ ಮನೆಯ ಸಂಗೀತದ ಟೀಚರ ಬಾಗಿಲು ತಟ್ಟಿದೆ. ಅವರು ಬಾಗಿಲನ್ನು ಮುಖದಷ್ಟೇ ಅಗಲ ತೆಗೆದರು.

"ಟೀಚರ್, ಒಂದು ಡಿಸ್ಕಿದೆ..."

"ಗೊತ್ತು. ಡಾಕ್ಟ್ರು ಹೇಳಿದ್ರು." ಅವರ ಕಣ್ಣು ತುಂಬಿ ಬಂತು. "ಅದರಲ್ಲಿ ನಾನೂ ಇದೀನಾ?"

"ನೀವಾ? ಓದಿದ ಹೊರತು ಹೇಗೆ ಹೇಳೋದು ಟೀಚರ್? ಎಲ್ಲಾ ಒಂದೇ ಸಲಕ್ಕೆ ಕಾಣಲ್ಲ. ಒಂದೊಂದಾಗಿ ಬರುತ್ತಂತೆ."

"ಅಯ್ಯೋ! ಕಾರ್ಯದರ್ಶಿಗಳ ಆ ಮುಳ್ಳಿನ ಗಿಡದ ಕುಂಡ ಇತ್ತಲ್ಲ, ದಿನಾ ನನ್ನ ಬಟ್ಟೆ ಎಳೀತಿತ್ತು. ಒಂದಿನ ಕಾಲಲ್ಲಿ ಮೆಲ್ಲಗೆ ತಳ್ಳಿದೆ ಅಷ್ಟೇ. ಅದು ಕೆಳಗಡೆವರೆಗೂ ಉರುಳ್ಕೊಂಡು ಹೋಗುತ್ತೆ ಅಂತ ಯಾರಿಗೆ ಗೊತ್ತಿತ್ತು? ನೀವು ದೊಡ್ಡ ಮನಸ್ಸು ಮಾಡಿ ಅದನ್ನ ಓದಿಸಬೇಡಿ."

ಓದಿಸದಿದ್ದರೆ ನಾನು ನೆಲಮಾಳಿಗೆಯಲ್ಲಿ ಕೊಳೆಯಬೇಕಾಗುತ್ತದೆ ಎಂದೆ. ಟೀಚರು ಮೂಗು ಒರೆಸಿಕೊಂಡು, "ಪಾಪ, ನಿಮ್ಮನ್ನೂ ಹೆದರಿಸಿದಾರಾ!" ಎಂದರು. ಕಂಪ್ಯೂಟರು ಮಾತ್ರ ಕೊಡಲಿಲ್ಲ, ಅದರ ಮೇಲೆ ತಂಬೂರಿ ಇಟ್ಟಿದ್ದೇನೆ, ತೆಗೆಯುವ ಹಾಗಿಲ್ಲ ಎಂದರು. ಸಂಜೆಯ ಹೊತ್ತಿಗೆ ಕಾರ್ಯದರ್ಶಿಗಳ ಮನೆಯ ಮುಂದೆ ಹೊಸ ಕುಂಡ, ಅದರಲ್ಲಿ ಮುಳ್ಳಿಲ್ಲದ ಗಿಡ.

ಆ ಕುಂಡವನ್ನು ಎಡವಿಕೊಂಡೇ ಕಾರ್ಯದರ್ಶಿಗಳು ನಮ್ಮ ಮನೆಗೆ ಬಂದರು. ನನ್ನನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು.

"ಏನ್ ಸ್ವಾಮಿ ನೀವು ಮಾಡ್ತಿರೋದು? ಕ್ಯಾಮೆರಾದಿಂದ ಡಿಸ್ಕು ತೆಗೆದಿದೀರಂತೆ?"

"ಯಾವ ಕ್ಯಾಮೆರಾ?"

"ನಂಗೇ ನಾಟಕನಾ? ಅದರಲ್ಲಿ ಡಿಸ್ಕು ಹೇಗ್ರೀ ಇರುತ್ತೆ? ಅದು ಖಾಲಿ ಡಬ್ಬಿ! ಹೆದರಿಸೋಕೆ ಅಂತ ಡಬ್ಬಿಗೆ ಕಪ್ಪು ಬಣ್ಣ ಹೊಡೆದು, ಮುಂದೆ ಶೀಸೆ ಮುಚ್ಚಳ ಅಂಟಿಸಿದೀನಿ. ನಿಮ್ಮ ಡಿಸ್ಕು ಖಾಲಿ ಅಂತ ಗೊತ್ತಾದ್ರೆ ಡಬ್ಬಿನೂ ಖಾಲಿ ಅಂತ ಗೊತ್ತಾಗುತ್ತೆ. ಆಮೇಲೆ ನಾನು ತಲೆ ಎತ್ಕೊಂಡು ಓಡಾಡೋದು ಹೇಗೆ?"

ಬಲ್ಬುಗಳು, ಕುಂಡ, ಟೀಚರ ಕಣ್ಣೀರು, ಎಲ್ಲಕ್ಕೂ ಆಗ ನನಗೆ ಅರ್ಥ ಹೊಳೆಯಿತು. "ಅಯ್ಯೋ ಸ್ವಾಮಿ, ಇದು ಆ ಡಿಸ್ಕಲ್ಲ! ಇದು ಆಪರೇಟಿಂಗ್ ಸಿಸ್ಟಮ್!" ಎಂದೆ.

ಕಾರ್ಯದರ್ಶಿಗಳ ಮುಖ ಅರಳಿತು. "ಭೇಷ್! ಹಾಗೇ ಹೇಳಿ. ಯಾರು ಕೇಳಿದ್ರೂ ಅದೇ ಹೇಳಿ. ಯಾರಿಗೂ ಅರ್ಥ ಆಗಲ್ಲ," ಎಂದು ನನ್ನ ಬೆನ್ನು ತಟ್ಟಿ ಹೋದರು.

ಡಾಕ್ಟರಿಗೂ ಟೀಚರಿಗೂ ಹೋಗಿ ನಿಜ ಹೇಳಿದೆ. ಇಬ್ಬರೂ ತಲೆದೂಗಿ, "ಹೌದೌದು, ಆಪರೇಟಿಂಗ್ ಸಿಸ್ಟಮ್," ಎಂದು ಕಣ್ಣು ಮಿಟುಕಿಸಿದರು. ನಾಲ್ಕು ದಿನದಲ್ಲಿ ಮೊದಲ ಸಲ ಸತ್ಯ ಹೇಳಿದೆ, ಅದನ್ನೂ ಯಾರೂ ನಂಬಲಿಲ್ಲ.

ಭಾನುವಾರ ಸಂಜೆ ಸಾಹೇಬರು ಬಂದರು. ಮೆಟ್ಟಿಲ ಬೆಳಕು, ಗಿಡ, ನಿಶ್ಶಬ್ದ, ಎಲ್ಲವನ್ನೂ ನೋಡಿ, "ಒಳ್ಳೇ ಶಿಸ್ತಿನ ಕಟ್ಟಡ!" ಎಂದು ಮೆಚ್ಚಿಕೊಂಡರು. ಅವರ ಹಿಂದೆಯೇ ಡಾಕ್ಟರು ಬಂದರು, ಪೇಪರು ಕೇಳುವ ನೆಪದಲ್ಲಿ. ಟೀಚರು ಬಂದರು, ಕತ್ತರಿ ಕೇಳುವ ನೆಪದಲ್ಲಿ. ಕಾರ್ಯದರ್ಶಿಗಳಿಗೆ ನೆಪ ಬೇಕಿರಲಿಲ್ಲ, ಅವರು ಕಾರ್ಯದರ್ಶಿಗಳು. ಮಾವನವರು ಹೊಸ ಅಂಗಿ ಹಾಕಿಕೊಂಡು ಸಾಹೇಬರಿಗೆ ಕುರ್ಚಿ ತೋರಿಸಿ, "ನಮ್ಮ ಅಳಿಯಂದ್ರು ಕಂಪ್ಯೂಟರಲ್ಲಿ ಬಹಳ ಮುಂದೆ," ಎಂದರು. ಈ ಮನೆಗೆ ಬಂದಾಗಿನಿಂದ ಅವರ ಬಾಯಲ್ಲಿ ನನ್ನ ಹೊಗಳಿಕೆ ನಾನು ಕೇಳಿದ್ದು ಅದೇ ಮೊದಲು. ಕೇಳಿ ಸಂತೋಷಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

"ಎಲ್ಲಿ, ಎರಡನೇದನ್ನ ತೆಗೀರಿ ನೋಡೋಣ," ಎಂದರು ಸಾಹೇಬರು.

"ಅದು ಸಾರ್, ಇವತ್ತು ಹೊಸದಾಗಿ ಮತ್ತೊಂದು ಸಲ ಹಾಕ್ಬೇಕು ಅಂತ... ಡಿಸ್ಕು ಇಲ್ಲಿದೆ..."

"ಕೊಡಿ, ನಾನೇ ಹಾಕ್ತೀನಿ."

ಸಾಹೇಬರು ಡಿಸ್ಕನ್ನು ಒಳಗೆ ತಳ್ಳಿದರು. ಗರ್ ಎಂದಿತು. ಡಾಕ್ಟರು ಕಣ್ಣು ಮುಚ್ಚಿದರು. ಕಟಕ್ ಎಂದಿತು. ಟೀಚರು ನನ್ನ ಹೆಂಡತಿಯ ತೋಳು ಹಿಡಿದುಕೊಂಡರು. ಕಾರ್ಯದರ್ಶಿಗಳು ಬಾಗಿಲ ಕಡೆ ಒಂದು ಹೆಜ್ಜೆ ಹಿಂದೆ ಸರಿದರು. ಆಗ ಪರದೆಯ ಮೇಲೆ ಆ ಸಾಲು ಬಂತು. ಸಾಹೇಬರು ಅದನ್ನು ಗಟ್ಟಿಯಾಗಿ ಓದಿದರು:

"ಡಿಸ್ಕ್ ಓದಲಾಗುತ್ತಿಲ್ಲ."

ಮೊದಲು ಚಪ್ಪಾಳೆ ತಟ್ಟಿದ್ದು ಡಾಕ್ಟರು. ಟೀಚರು "ಬದುಕಿದೆ!" ಎಂದು ಕೂಗಿ ಸೋಫಾದ ಮೇಲೆ ಕುಸಿದರು. ಕಾರ್ಯದರ್ಶಿಗಳು ನನ್ನನ್ನು ತಬ್ಬಿಕೊಂಡು, "ನೀವು ದೊಡ್ಡ ಮನುಷ್ಯರು, ದೊಡ್ಡ ಮನುಷ್ಯರು," ಎಂದು ಭುಜ ಒದ್ದೆ ಮಾಡಿದರು.

ಸಾಹೇಬರು ಕುರ್ಚಿಯಲ್ಲೇ ತಿರುಗಿ ಕೂತರು. "ಏನ್ರೀ ಇದು? ಓದಲ್ಲ ಅಂದಿದ್ದಕ್ಕೆ ಈ ಸಂಭ್ರಮನಾ?" ಎಂದು ಡಿಸ್ಕನ್ನು ಹೊರತೆಗೆದು ದೀಪಕ್ಕೆ ಹಿಡಿದರು. "ಇಲ್ಲೇನೋ ಗೀರಿದ ಹಾಗಿದೆಯಲ್ಲ. ಮೊದಲನೇ ಸುತ್ತಿನಲ್ಲೇ ಗೀರಿದ್ರೆ ಅದು ಓದೋದಾದ್ರೂ ಹೇಗೆ? ಭೂತಗನ್ನಡಿ ಇದೆಯಾ?"

ಮಾವನವರು ಓಡಿಹೋಗಿ ತಮ್ಮ ಭೂತಗನ್ನಡಿ ತಂದರು. ಅದರ ಹಿಡಿಯ ಮೇಲೆ "ಹಜಾರ-೧೯" ಎಂದಿತ್ತು. ಆ ಅಕ್ಷರಗಳನ್ನು ನೋಡುತ್ತಲೇ ನನಗೆ ಒಳಗೆಲ್ಲೋ ಝುಂಯ್ ಎಂದಿತು. "ನಾನು ನೋಡ್ತೀನಿ ಸಾರ್," ಎಂದು ಡಿಸ್ಕನ್ನೂ ಕನ್ನಡಿಯನ್ನೂ ಸಾಹೇಬರ ಕೈಯಿಂದ ಹೆಚ್ಚುಕಡಿಮೆ ಕಿತ್ತುಕೊಂಡೆ.

ತೂತಿನ ಸುತ್ತ, ಅಂಚಿಗೆ ತಕ್ಕ ಹಾಗೆ ಬಾಗಿಸಿ, ಮುತ್ತಿನಂಥ ಅಕ್ಷರದಲ್ಲಿ ಕೆತ್ತಿತ್ತು: ಅಳಿಯ-೧.

ತಲೆ ಎತ್ತಿ ನೋಡಿದೆ. ಮಾವನವರು ಕೈಗಳನ್ನು ಹಿಂದೆ ಕಟ್ಟಿಕೊಂಡು ಸೂರು ನೋಡುತ್ತಾ ನಿಂತಿದ್ದರು. ಬಹಳ ಸಂತೋಷವಾದಾಗ ಅವರು ಹಾಗೆ ನಿಲ್ಲುತ್ತಾರೆ. ಇದೊಂದು ಕಳೆದುಹೋದರೆ ನನ್ನ ಕಥೆ ಮುಗೀತು ಎಂದು ನಾನೇ ಹೇಳಿದ್ದೆನಲ್ಲ. ಕಳೆದುಹೋಗದಿರಲಿ ಎಂದು ಅವರು ತಮಗೆ ಗೊತ್ತಿರುವ ಒಂದೇ ಒಂದು ಕೆಲಸ ಮಾಡಿದ್ದರು. ಇಷ್ಟು ವರ್ಷ ಕಾದ ಗುರುತು ಕೊನೆಗೂ ನನಗೆ ಸಿಕ್ಕಿತ್ತು, ಅದೂ ಇಡೀ ಮನೆಯಲ್ಲಿ ಗುರುತು ಹಾಕಬಾರದಂಥ ಒಂದೇ ಒಂದು ಜಾಗದಲ್ಲಿ. ನನಗೆ ನಗು ಬಂತು, ಅಳುವೂ ಬಂತು. ಎರಡೂ ಒಟ್ಟಿಗೆ ಬಂದದ್ದರಿಂದ ಕೆಮ್ಮಿದೆ.

"ಏನು ಕಾಣ್ತಿದೆ?" ಎಂದರು ಸಾಹೇಬರು.

ಇದನ್ನು ಓದಿ ಹೇಳಿದರೆ ಸಾಕಿತ್ತು. ತಪ್ಪು ನನ್ನದಲ್ಲ ಎಂದಾಗುತ್ತಿತ್ತು, ಇನ್ನೊಂದು ವಾರ ಅವಕಾಶ ಸಿಗುತ್ತಿತ್ತು, ಕಿಟಕಿಯ ಪಕ್ಕದ ಕುರ್ಚಿ ಉಳಿಯುತ್ತಿತ್ತು. ಹೊಸ ಅಂಗಿ ಹಾಕಿಕೊಂಡು ನಿಂತ ಮುದುಕರು ಅಷ್ಟು ಜನರ ಮುಂದೆ ಸೂರಿನಿಂದ ಕಣ್ಣು ಕೆಳಗಿಳಿಸಬೇಕಾಗುತ್ತಿತ್ತು.

"ಕಂಪನಿ ನಂಬರ್ ಸಾರ್," ಎಂದೆ. "ಡಿಸ್ಕಿಂದೇನೂ ತಪ್ಪಿಲ್ಲ. ತಪ್ಪು ನಂದು. ಎರಡನೇ ಸಿಸ್ಟಮ್ ನಾನು ಹಾಕೇ ಇರಲಿಲ್ಲ. ಅವತ್ತು ಸುಮ್ನೆ ಬಡಾಯಿ ಕೊಚ್ಚಿದೆ."

ಸಾಹೇಬರು ನನ್ನ ಕೈಯಿಂದ ಡಿಸ್ಕನ್ನು ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಲೋಟದಲ್ಲಿದ್ದ ಚಹಾ ಮುಗಿಸಿ ಎದ್ದರು. "ಸರಿ. ನೆಲಮಾಳಿಗೇಲಿ ಕಂಪ್ಯೂಟರ್ ಇಲ್ಲ. ಅದೊಂದು ಅನುಕೂಲ ನಿಮಗೆ."

ಅವರು ಹೋದ ಮೇಲೆ ನೆರೆಹೊರೆಯವರೂ ನನ್ನ ಕೈ ಕುಲುಕಿ ಕುಲುಕಿ ಹೊರಟರು. ತಮ್ಮನ್ನೆಲ್ಲ ಉಳಿಸುವುದಕ್ಕಾಗಿ ನಾನು ನೆಲಮಾಳಿಗೆಗೆ ಹೋಗುತ್ತಿದ್ದೇನೆಂದು ಅವರ ನಂಬಿಕೆ. ಹೆಂಡತಿ ಮೇಜಿನ ಮೇಲಿದ್ದ ಡಿಸ್ಕನ್ನು ಎತ್ತಿಕೊಂಡಳು. ಅವಳ ಕಣ್ಣಿಗೆ ಭೂತಗನ್ನಡಿ ಬೇಡ. ಓದಿದಳು. ನನ್ನನ್ನು ನೋಡಿದಳು. ಬಾಯಿ ತೆರೆದಳು, ಏನೂ ಅನ್ನದೆ ಮುಚ್ಚಿದಳು. ನಮ್ಮ ದಾಂಪತ್ಯದಲ್ಲಿ ಅಂಥದ್ದು ಹಿಂದೆ ನಡೆದಿಲ್ಲ.

"ಡಿಸ್ಕು ಕೊಟ್ಟವರೇ ಕೆಟ್ಟಿದ್ದು ಕೊಟ್ಟಿದ್ರಾ?" ಮಾವನವರು ಮೆಲ್ಲಗೆ ಕೇಳಿದರು.

"ಹೌದು ಮಾವ. ಮೊದಲೇ ಕೆಟ್ಟಿತ್ತು."

"ಕೆಟ್ಟರೂ ಬಿಸಾಕ್ಬೇಡಿ ಅಳಿಯಂದ್ರೇ. ಅದಕ್ಕೆ ಗುರುತು ಹಾಕಿದೀನಿ. ನೀವು ನೋಡಿರ್ಲಿಕ್ಕಿಲ್ಲ, ತೂತಿನ ಸುತ್ತ, ಒಳಗಡೆ ಇದೆ. ಮೇಲಿನ ಕಡೆಯೆಲ್ಲ ಏನೇನೋ ಬರೆದು ತುಂಬಿಸಿದ್ರು. ಹೊಳೆಯೋ ಕಡೆ ಖಾಲಿ ಇತ್ತು, ನೋಡಿ."

"ಒಳ್ಳೇದಾಯ್ತು ಮಾವ," ಎಂದೆ.

ನಾನೀಗ ನೆಲಮಾಳಿಗೆಯಲ್ಲಿದ್ದೇನೆ. ಕೆಮ್ಮು ಇನ್ನೂ ಶುರುವಾಗಿಲ್ಲ. ಕಟ್ಟಡದಲ್ಲಿ ಡಾಕ್ಟರು ಸಿಕ್ಕಾಗಲೆಲ್ಲ ದನಿ ತಗ್ಗಿಸಿ, "ಆ ಡಿಸ್ಕು?" ಎನ್ನುತ್ತಾರೆ. "ಭದ್ರವಾಗಿದೆ," ಎನ್ನುತ್ತೇನೆ. ಹಾಗಾಗಿ ಮೆಟ್ಟಿಲ ಮೇಲೆ ಇವತ್ತಿಗೂ ಬೆಳಕಿದೆ.

ಕೆಳಗಿಳಿದ ಮೊದಲ ದಿನ ಮಧ್ಯಾಹ್ನ ಕಡತಗಳ ನಡುವೆ ಜಾಗ ಮಾಡಿಕೊಂಡು ಊಟದ ಡಬ್ಬಿ ಹೊರತೆಗೆದೆ. ಚೀಲವೆಲ್ಲ ಒದ್ದೆಯಾಗಿತ್ತು. ಡಬ್ಬಿಯನ್ನು ತಿರುಗಿಸಿ ನೋಡಿದರೆ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಕೂರುವ ಅಂಚಿನಲ್ಲೇ, ಸುತ್ತಲೂ ಬಾಗಿಸಿ, ಆಳವಾಗಿ ಕೆತ್ತಿತ್ತು: ಅಳಿಯ-೨.

ಸಂಜೆ ಮನೆಗೆ ಹೋದಾಗ ಮಾವನವರು, "ಊಟ ಸರಿಯಾಗಿತ್ತಾ?" ಎಂದು ಕೇಳಿದರು. ತುಂಬಾ ಚೆನ್ನಾಗಿತ್ತು ಎಂದು ಹೇಳಿ, ಚೀಲವನ್ನು ಬೆನ್ನ ಹಿಂದೆ ಹಿಡಿದುಕೊಂಡು ಬಚ್ಚಲುಮನೆಗೆ ಹೋಗಿ ತೊಳೆದು ಹಾಕಿದೆ. ಈಗ ದಿನಾ ತೊಳೆಯುತ್ತೇನೆ.